ಧರ್ಮ ಸೆಕ್ರೆಟರಿ ಮತ್ತು ಎರಡು ಲಿಫ್ಟುಗಳು

ನವೆಂಬರ್ 10, ಭಾನುವಾರ

ಇಂದು ನಮ್ಮ ಸುವರ್ಣಗಂಧಾ ಹೌಸಿಂಗ್ ಸೊಸೈಟಿ ಧರ್ಮದ ಆಡಳಿತಕ್ಕೆ ಒಳಪಟ್ಟಿತು. ಇಡೀ ಡೊಂಬಿವಲಿಯಲ್ಲಿ ಇಂಥದ್ದು ಇದೇ ಮೊದಲಂತೆ.

ಸಭೆ ಹತ್ತಕ್ಕೆ ಶುರುವಾಗಿ ಹನ್ನೆರಡರವರೆಗೂ ಪಾರ್ಕಿಂಗ್ ಮತ್ತು ಸೋರುವ ಪೈಪುಗಳ ಜಗಳದಲ್ಲೇ ನಿಂತಿತ್ತು. ಆಗ ಚೇರ್ಮನ್ ಸಹಸ್ರಬುದ್ಧೆಯವರು ಎದ್ದು, ಕಾಯಿದೆ ಪುಸ್ತಕ ಹಿಡಿದು ಇಪ್ಪತ್ತು ವರ್ಷ ಆಳಿದ್ದಾಯಿತು, ಇನ್ನು ಮೂರು ತಿಂಗಳು ಶಾಸ್ತ್ರ ಹಿಡಿದು ಆಳಿ ನೋಡೋಣ ಎಂದರು. ಹೊರಗೆ ಬಟಾಟೆವಡೆ ಆರುತ್ತಿತ್ತು. ಎಲ್ಲರೂ ಕೈ ಎತ್ತಿದರು. ಶಾಸ್ತ್ರ ತಿಳಿದವರು ಯಾರು ಎಂಬ ಪ್ರಶ್ನೆ ಬಂದಾಗ ಇಡೀ ಸಭೆ ನನ್ನ ಕಡೆ ತಿರುಗಿತು. ಉಡುಪಿಯವನು, ಮನೆಯಲ್ಲಿ ಪಂಚಾಂಗ ಇರುವವನು, ವಿಮಾ ಕಂಪನಿಯ ಕ್ಲೇಮ್ಸ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಜನರಿಗೆ ‘ಆಗುವುದಿಲ್ಲ’ ಎಂದು ವಿನಯದಿಂದ ಹೇಳಿ ನಿವೃತ್ತನಾದವನು. ಯಜ್ಞೇಶ್ವರ ಉಪಾಧ್ಯ, ಧರ್ಮ ಸೆಕ್ರೆಟರಿ. ನಾಳೆ ಸೊಸೈಟಿಯ ಬೋರ್ಡಿನಲ್ಲಿ ಹೆಸರು ಬರುತ್ತದೆ.

ಇಂಥ ಪ್ರಯೋಗಕ್ಕೆ ದಾಖಲೆ ಬೇಕು ಎಂದು ಇಂದಿನಿಂದ ದಿನಚರಿ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆದರೆ ಮರಾಠಿಯವರಾದ ಸಹಸ್ರಬುದ್ಧೆಯವರು ಓದಲಾರರು.

ಹೆಂಡತಿ ಪ್ರಭಾಗೆ ವಿಷಯ ಹೇಳಿದೆ. ಅವಳು ಬೀನ್ಸ್ ಮುರಿಯುತ್ತ, “ಮನೆಯಲ್ಲಿ ಹೆದರುವವರು ಯಾರೂ ಇಲ್ಲ ಅಂತ ಹೊರಗೆ ಹುಡುಕಿದ್ದಾ?” ಎಂದು ಕೇಳಿದಳು. ನಾನು ಪಂಚಾಂಗ ಹುಡುಕಲು ಹೋದೆ.

ನವೆಂಬರ್ 14

ಮೊದಲ ಸುತ್ತೋಲೆ ಹೊರಟಿತು. ಕರಡು ನನ್ನದು. ಒಂದನೆಯ ಲಿಫ್ಟು ಶುದ್ಧ ಲಿಫ್ಟು. ಮನೆಗೆಲಸದವರು, ಕಸದವರು, ಡೆಲಿವರಿಯವರು, ಸೂತಕ ಇರುವವರು ಎರಡನೆಯದರಲ್ಲಿ ಹೋಗತಕ್ಕದ್ದು. ನೆಲಮಹಡಿಯ ಸಭಾ ಹಾಲು ಇನ್ನು ಪ್ರಾರ್ಥನಾ ಮಂದಿರ. ದಿನಾ ಸಂಜೆ ಆರತಿ. ಮುಹೂರ್ತ ನೋಡದೆ ಯಾವ ದುರಸ್ತಿಯನ್ನೂ ಆರಂಭಿಸುವಂತಿಲ್ಲ.

ಈ ಕೊನೆಯ ನಿಯಮ ಸಹಸ್ರಬುದ್ಧೆಯವರಿಗೂ ಹೊಳೆದಿರಲಿಲ್ಲ.

ನವೆಂಬರ್ 19

ಸಣ್ಣದೊಂದು ತೊಡಕು. ನಮ್ಮಲ್ಲಿ ಗುಡಿಸಿ ಒರೆಸುವ ಮಾಪಣ್ಣ ದಿನಾ ಮಧ್ಯಾಹ್ನ ಒಂದರಿಂದ ಮೂರರವರೆಗೆ ಆ ಸಭಾ ಹಾಲಿನಲ್ಲಿ ಕೂತು ಓದುತ್ತಿದ್ದನಂತೆ. ನನಗೆ ಗೊತ್ತೇ ಇರಲಿಲ್ಲ. ಕಲಬುರಗಿ ಕಡೆಯವನು, ವಯಸ್ಸು ಮೂವತ್ತೊಂಬತ್ತು. ಮಾರ್ಚ್‌ನಲ್ಲಿ ಖಾಸಗಿಯಾಗಿ ಹತ್ತನೆಯ ಪರೀಕ್ಷೆ ಬರೆಯುತ್ತಾನೆ. ಪಾಸಾದರೆ ವಾಶಿಯ ಒಂದು ಮಾಲ್‌ನಲ್ಲಿ ಸೂಪರ್‌ವೈಸರ್ ಕೆಲಸ ಸಿಗುತ್ತದೆಯಂತೆ.

ಬೆಳಿಗ್ಗೆ ಹಾಲು ಗುಡಿಸಬಹುದು, ಆಮೇಲೆ ನಾನು ನೀರು ಪ್ರೋಕ್ಷಿಸಿ ಶುದ್ಧಿ ಮಾಡುತ್ತೇನೆ, ಅಲ್ಲಿಂದ ಮುಂದೆ ಒಳಗೆ ಬರುವಂತಿಲ್ಲ ಎಂದು ತಿಳಿಸಿದೆ. ಅವನು ವಾದ ಮಾಡಲಿಲ್ಲ. ಗುಡಿಸುವವರೆಗೆ ಒಳಗ, ಗುಡಿಸಿದ ಮ್ಯಾಲೆ ಹೊರಗ, ಅಷ್ಟೇ ಅಲ್ರಿ ಎಂದು ಖಚಿತ ಮಾಡಿಕೊಂಡು ಹೋದ. ವಿಷಯವನ್ನು ಇಷ್ಟು ಚುಟುಕಾಗಿ ನನಗೂ ಬರೆಯಲು ಬಂದಿರಲಿಲ್ಲ.

ಡಿಸೆಂಬರ್ 1, ಭಾನುವಾರ

ಧರ್ಮದ ಆಡಳಿತದಲ್ಲಿ ಎಲ್ಲರಿಗೂ ಇಷ್ಟು ಧರ್ಮ ಇರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಭಾನುವಾರ ಮಾಂಸದ ವಾಸನೆ ಬರಬಾರದು ಎಂದು ಸುತ್ತೋಲೆ ಕಳಿಸಿದ್ದೆ. ನಾಲ್ಕನೇ ಮಹಡಿಯ ಕಿಟ್ಟಣ್ಣ ಶೆಟ್ಟರು ಬಂದರು. ಠಾಣೆಯಲ್ಲಿ ಹೋಟೆಲು, ಊರು ಕಾಪು ಹತ್ತಿರ. ಬಹಳ ಭಕ್ತಿಯಿಂದ ಕೈಮುಗಿದು, “ಭಟ್ರೇ, ನಮ್ಮ ದೈವಕ್ಕೆ ಕೋಳಿಯೇ ಆಗ್ಬೇಕು. ನೀವು ಬೇಡ ಅಂತ ಬರೆದು ಸಹಿ ಹಾಕಿ ಕೊಡಿ, ನಾನು ದೈವಕ್ಕೆ ತೋರಿಸ್ತೇನೆ. ಮುಂದಿನದ್ದು ನಿಮಗೂ ಅದಕ್ಕೂ ಬಿಟ್ಟದ್ದು,” ಎಂದರು. ನಾನೂ ಆ ಕಡೆಯವನೇ. ಸಹಿ ಹಾಕಲಿಲ್ಲ. ದೈವದ ಕೋಳಿಗೆ ವಿನಾಯಿತಿ ಎಂದು ತಿದ್ದುಪಡಿ ಬರೆದೆ. ಈಗ ನಾಲ್ಕನೇ ಮಹಡಿಯಲ್ಲಿ ಪ್ರತಿ ಭಾನುವಾರವೂ ದೈವಕ್ಕೆ ಹಸಿವಾಗುತ್ತದೆ.

ಸಂಜೆ ಆರನೇ ಮಹಡಿಯ ಶಹಾ ಬಂದರು. ಜೈನರು. ಇಷ್ಟು ಶುದ್ಧಿ ಪಾಲಿಸುವ ಕಟ್ಟಡದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಯಾಕೆ ಎಂದು ಕೇಳಿದರು. ಅಷ್ಟರಲ್ಲಿ ಪ್ರಭಾ ಒಳಗಿನಿಂದ ಈರುಳ್ಳಿ ಬಜ್ಜಿಯ ತಟ್ಟೆ ತಂದು ಅವರ ಮುಂದೆಯೇ ಇಟ್ಟಳು. ಬೇಕೆಂದೇ ಮಾಡಿದ್ದು. ವಿಷಯ ಪರಿಶೀಲನೆಯಲ್ಲಿದೆ ಎಂದು ಹೇಳಿ ಅವರನ್ನು ಕಳಿಸಿ, ತಟ್ಟೆ ಖಾಲಿ ಮಾಡಿದೆ.

ಡಿಸೆಂಬರ್ 7

ಕಿಟ್ಟಣ್ಣನವರ ಇನ್ನೊಂದು ಫ್ಲಾಟು 302 ಖಾಲಿ ಇದೆ. ಬಾಡಿಗೆಗೆ ಬರುವವರು ತುಂಬಬೇಕಾದ ಫಾರಮ್ಮಿನಲ್ಲಿ ‘ಕುಲದೇವತೆ’ ಎಂದೊಂದು ಕಾಲಂ ಸೇರಿಸಿದ್ದೇವೆ. ಠಾಣೆಯ ಮಾಜಿವಾಡಾದಲ್ಲಿ ಫಿಸಿಯೊಥೆರಪಿ ಮಾಡುವ ನಾಜ್ನೀನ್ ಎಂಬ ಡಾಕ್ಟರಮ್ಮನ ಅರ್ಜಿ ಬಂತು. ಆ ಕಾಲಂನಲ್ಲಿ ಚಿಕ್ಕ ಗೆರೆ ಎಳೆದು ಬಿಟ್ಟಿದ್ದರು. ಅಪೂರ್ಣ ಅರ್ಜಿ, ತಿರಸ್ಕರಿಸಲಾಗಿದೆ ಎಂದು ಬರೆದು ಪೂರ್ತಿ ಸಹಿ ಹಾಕಿ ಹಿಂದಕ್ಕೆ ಕಳಿಸಿದೆ. ಬೇರೆ ಕಾರಣ ಏನನ್ನೂ ಬರೆಯಬೇಕಾಗಲಿಲ್ಲ. ಅಚ್ಚುಕಟ್ಟಾದ ಫಾರಂ.

ಡಿಸೆಂಬರ್ 13

ಸಹಸ್ರಬುದ್ಧೆಯವರ ಹೊಸ ಆಲೋಚನೆ: ಹೆಂಗಸರು ‘ಆ ಮೂರು ದಿನ’ ಶುದ್ಧ ಲಿಫ್ಟು ಬಳಸಬಾರದು. ಗೊತ್ತಾಗುವುದು ಹೇಗೆ? ವಾಚ್‌ಮನ್ ಹತ್ತಿರ ಇಂದಿನಿಂದಲೇ ಒಂದು ರಿಜಿಸ್ಟರ್ ಇಡುವುದು, ಅವರವರೇ ಬಂದು ಸಹಿ ಹಾಕುವುದು. ನನಗೆ ಸ್ವಲ್ಪ ಮುಜುಗರವೆನಿಸಿತು, ಆದರೆ ಶಾಸ್ತ್ರದಲ್ಲಿ ಇಲ್ಲ ಎನ್ನಲು ಬರುವುದಿಲ್ಲ.

ಡಿಸೆಂಬರ್ 15, ಭಾನುವಾರ

ರಿಜಿಸ್ಟರಿನ ಮೊದಲ ದಿನವೇ ಇಪ್ಪತ್ತಾರು ಸಹಿ. ಎರಡನೆಯ ದಿನವೂ ಅವೇ ಇಪ್ಪತ್ತಾರು. ಮೂರನೆಯ ದಿನವಾದ ಇಂದೂ ಅವೇ. ಆ ಪಟ್ಟಿಯಲ್ಲಿ ಪ್ರಭಾ ಇದ್ದಾಳೆ. ವಯಸ್ಸು ಐವತ್ತೊಂಬತ್ತು. ಸಹಸ್ರಬುದ್ಧೆಯವರ ತಾಯಿಯೂ ಇದ್ದಾರೆ, ಎಂಬತ್ತೆರಡು. ಅವರದು ಎಲ್ಲರಿಗಿಂತ ಸ್ಪಷ್ಟವಾದ ಸಹಿ.

ಇದೆಂಥದ್ದು ಎಂದು ಪ್ರಭಾಳನ್ನು ಕೇಳಿದೆ. “ನಿಯಮ ಮಾಡಿದ್ದು ನೀವು. ಪಾಲಿಸಿದರೂ ತಪ್ಪಾ?” ಎಂದಳು.

ಹೆಂಗಸರೆಲ್ಲ ಎರಡನೇ ಲಿಫ್ಟಿನಲ್ಲಿ ಕೆಲಸದವರ ಜೊತೆ ನಗುತ್ತ ಓಡಾಡುತ್ತಿದ್ದಾರೆ. ಶುದ್ಧ ಲಿಫ್ಟಿನಲ್ಲಿ ನಾನೂ ಶಹಾ ಅವರೂ ಇಬ್ಬರೇ. ಅವರು ಈರುಳ್ಳಿಯ ವಿಷಯ ಏನಾಯಿತು ಎಂದು ಕೇಳುತ್ತಾರೆ. ಏಳು ಮಹಡಿ ಬಹಳ ದೂರ.

ಡಿಸೆಂಬರ್ 16

ರಿಜಿಸ್ಟರ್ ಹಿಂತೆಗೆದುಕೊಳ್ಳಲಾಯಿತು.

ಡಿಸೆಂಬರ್ 18

ಎರಡನೇ ಲಿಫ್ಟು ಕೆಟ್ಟಿತು. ರಿಪೇರಿಯವನು ಇಂದೇ ಬರಲು ಸಿದ್ಧನಿದ್ದ. ಆದರೆ ಮೊನ್ನೆಯಿಂದ ಧನುರ್ಮಾಸ. ಸಂಕ್ರಾಂತಿಯವರೆಗೆ ಮುಹೂರ್ತ ಇಲ್ಲ. ನಿಯಮದ ಪ್ರಕಾರ ಜನವರಿ ಹದಿನಾಲ್ಕರ ನಂತರ ಬರಲು ಹೇಳಿದೆ. ಅವನು ಫೋನಿನಲ್ಲಿ ದಿನಾಂಕವನ್ನು ಎರಡು ಸಲ ಕೇಳಿ ಬರೆದುಕೊಂಡ.

ಕೆಲಸದವರು ಮೆಟ್ಟಿಲು ಹತ್ತುತ್ತಿದ್ದಾರೆ. ವ್ಯಾಯಾಮ ಒಳ್ಳೆಯದು.

ಜನವರಿ 2

ಕಾರ್ಕಳದಲ್ಲಿ ವಾಸುದೇವ ದೊಡ್ಡಪ್ಪ ನಿನ್ನೆ ತೀರಿಕೊಂಡರು. ತೊಂಬತ್ತೊಂದು ವರ್ಷ. ದಾಯಾದಿ, ಆದ್ದರಿಂದ ಹತ್ತು ದಿನ ಸೂತಕ. ಕೊನೆಯ ಬಾರಿ ಅವರನ್ನು ನೋಡಿದ್ದು ಹದಿನೆಂಟು ವರ್ಷದ ಹಿಂದೆ. ನನ್ನನ್ನು ಬೇರೆ ಯಾರೋ ಅಂದುಕೊಂಡು ಮಾತಾಡಿಸಿದ್ದರು.

ಸುದ್ದಿ ಮನೆಯೊಳಗೇ ಇರಲಿ ಎಂದು ಪ್ರಭಾಗೆ ಹೇಳಿದೆ. ಮುಚ್ಚಿಡುವುದಕ್ಕಲ್ಲ, ಜನರಿಗೆ ತೊಂದರೆ ಯಾಕೆ ಎಂದು. ಅಷ್ಟರಲ್ಲಿ ಕಿಟ್ಟಣ್ಣನವರು ಊರಿನ ಪೇಪರಿನ ನಿಧನವಾರ್ತೆಯ ಫೋಟೋ ತೆಗೆದು ಸೊಸೈಟಿಯ ವಾಟ್ಸಾಪ್ ಗುಂಪಿಗೆ ಹಾಕಿ, ‘ನಮ್ಮ ಧರ್ಮ ಸೆಕ್ರೆಟರಿಯವರ ದೊಡ್ಡಪ್ಪ, ಓಂ ಶಾಂತಿ’ ಎಂದು ಬರೆದಿದ್ದರು. ಇಪ್ಪತ್ತು ಜನ ಕೈಮುಗಿದರು.

ಸಹಸ್ರಬುದ್ಧೆಯವರ ಫೋನು ಬಂತು. ದುಃಖ ವ್ಯಕ್ತಪಡಿಸಿ, ಆಮೇಲೆ ಮೆಲ್ಲಗೆ, “ನಿಯಮ್ ಮ್ಹಣಜೆ ನಿಯಮ್,” ಅಂದರು. ನಿಯಮ ಅಂದರೆ ನಿಯಮವೇ. ಗೊತ್ತು ಎಂದೆ. ಕರಡು ನನ್ನದಲ್ಲವೇ.

ಜನವರಿ 3

ನಮ್ಮ ಕಟ್ಟಡಕ್ಕೆ ನೂರ ಇಪ್ಪತ್ತಾರು ಮೆಟ್ಟಿಲು.

ಜನವರಿ 4

ಹಾಲಿನ ಪ್ಯಾಕೆಟ್ ತರಲು ಒಮ್ಮೆ, ಪ್ರಭಾಳ ಮಾತ್ರೆಗೆ ಒಮ್ಮೆ, ಒಟ್ಟು ಎರಡು ಸಲ ಇಳಿದು ಹತ್ತಿದೆ. ನಾಲ್ಕನೇ ಮಹಡಿಗೂ ಐದನೆಯದಕ್ಕೂ ನಡುವಿನ ತಿರುವಿನಲ್ಲಿ ಮಾಪಣ್ಣ ಪುಸ್ತಕ ಹಿಡಿದು ಕೂತಿದ್ದ. ಕಿಟಕಿ ಇರುವ ತಿರುವು ಅದೊಂದೇ. ನನ್ನನ್ನು ನೋಡಿ ಎದ್ದು ನಿಂತ. ಕೂತುಕೋ ಎಂದೆ, ನನಗೂ ಕೂರಲೇಬೇಕಾಗಿತ್ತು. ಹೇಗೂ ಸೂತಕದಲ್ಲಿ ಮಡಿ ಇಲ್ಲ ಎಂದು ಅವನ ಪಕ್ಕದಲ್ಲೇ ಕೂತೆ. ನಿಯಮ ಮುರಿದಂತೆ ಆಗಲಿಲ್ಲ.

ನೀರಿನ ಬಾಟಲಿ ಕೊಟ್ಟ. ಬಾಯಾರಿಕೆ ಬಹಳ ಇತ್ತು.

ಸ್ವಲ್ಪ ಹೊತ್ತಾದ ಮೇಲೆ ಕೇಳಿದ, “ನಿಮ್ದು ಹತ್ತು ದಿನ ಅದರಿ ಸಾಹೇಬ್ರ. ನಮ್ದು ಯಾವಾಗ ಮುಗಿತದ, ಪಂಚಾಂಗ ನೋಡಿ ಹೇಳ್ತೀರೇನ್ರಿ?”

ಅಂಥದ್ದೆಲ್ಲ ಪಂಚಾಂಗದಲ್ಲಿ ಇರುವುದಿಲ್ಲ ಎಂದೆ. ಮನೆಗೆ ಬಂದು ನೋಡಿದೆ. ಇರಲಿಲ್ಲ.

ಜನವರಿ 6

ಮಾಪಣ್ಣನಿಗೆ ಗಣಿತ ಪರವಾಗಿಲ್ಲ. ಕಷ್ಟ ಇರುವುದು ನಾಗರಿಕಶಾಸ್ತ್ರದಲ್ಲಿ. ಪುಸ್ತಕ ಮರಾಠಿಯದು, ಓದಲು ಬರುತ್ತದೆ, ಅರ್ಥ ಹಿಡಿಯುವುದಿಲ್ಲ. ಸೂತಕದಲ್ಲಿ ಪೂಜೆ ಇಲ್ಲ, ಸಂಜೆಯ ಆರತಿ ಇಲ್ಲ, ನನಗೆ ಹೊತ್ತು ಹೋಗುವುದಿಲ್ಲ. ಹೇಳಿಕೊಡುತ್ತೇನೆ ಎಂದೆ.

ಇಂದಿನ ಪಾಠ ‘ಧರ್ಮನಿರಪೇಕ್ಷತೆ’. ಇದನ್ನು ನಾವು ಕನ್ನಡದಲ್ಲಿ ಜಾತ್ಯತೀತತೆ ಎನ್ನುತ್ತೇವೆ ಎಂದು ಹೇಳಿದೆ. ಮಾಪಣ್ಣ ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಯೋಚಿಸಿದ.

“ಎರಡೂ ಬ್ಯಾರೆ ಅಲ್ಲೇನ್ರಿ? ಒಂದರಾಗ ಧರ್ಮ ಇಲ್ಲ, ಇನ್ನೊಂದರಾಗ ಜಾತಿ ಇಲ್ಲ. ನಮಗ ಎರಡೂ ಬೇಕ್ರಿ.”

ಪರೀಕ್ಷೆಗೆ ಅಷ್ಟೆಲ್ಲ ಬೇಡ, ಮೂರು ಅಂಕಕ್ಕೆ ಮೂರು ಅಂಶ ಸಾಕು ಎಂದೆ. ಆಳುವವರು ಒಂದು ಧರ್ಮದ ಪರ ನಿಲ್ಲಬಾರದು. ಯಾರ ಪೂಜೆಗೂ ಅಡ್ಡಿ ಮಾಡಬಾರದು. ಧರ್ಮದ ಕಾರಣಕ್ಕೆ ಯಾರಿಗೂ ಸೌಲಭ್ಯ ತಪ್ಪಬಾರದು. ಅವನು ಬರೆದುಕೊಂಡ. ಚೆನ್ನಾಗಿ ಹೇಳಿಕೊಟ್ಟೆ ಅನ್ನಿಸುತ್ತದೆ.

ಜನವರಿ 8

ಸಮಾನತೆಯ ಉಲ್ಲಂಘನೆಗೆ ನಿತ್ಯಜೀವನದಿಂದ ಒಂದು ಉದಾಹರಣೆ ಬರೆ ಎಂದು ಮನೆಪಾಠ ಕೊಟ್ಟಿದ್ದೆ. ಮಾಪಣ್ಣ ನಮ್ಮ ಲಿಫ್ಟಿನ ಬಗ್ಗೆ ಬರೆದುಕೊಂಡು ಬಂದಿದ್ದ. ಓದುತ್ತಿರುವಾಗ ಅವನು ನನ್ನ ಮುಖ ನೋಡದೆ ಕಿಟಕಿಯಾಚೆ ನೋಡುತ್ತಿದ್ದ.

ಎರಡು ಕಾಗುಣಿತ ತಪ್ಪಿದ್ದವು, ತಿದ್ದಿದೆ. ‘ಸೆಕ್ರೆಟರಿ ಅವರ ಆಜ್ಞೆಯಿಂದ’ ಎಂಬುದನ್ನು ‘ಸಮಿತಿಯ ಆಜ್ಞೆಯಿಂದ’ ಎಂದು ಬದಲಿಸಿದೆ. ನಿರ್ಣಯ ಸಮಿತಿಯದು, ಒಬ್ಬನದಲ್ಲ. ಮೂರಕ್ಕೆ ಎರಡೂವರೆ ಕೊಟ್ಟೆ.

ಅಷ್ಟರಲ್ಲಿ 601ರ ಅಡುಗೆಯ ಲೀಲಾಬಾಯಿ ಎದೆ ಹಿಡಿದುಕೊಂಡು ಹತ್ತಿ ಬಂದಳು. ಮೂರು ತಿಂಗಳ ಹಿಂದೆ ಅವಳಿಗೆ ಆಪರೇಷನ್ ಆಗಿದೆಯಂತೆ. ಇಬ್ಬರೂ ಸರಿದು ಜಾಗ ಕೊಟ್ಟೆವು. ಮೂವರಿಗೂ ಒಂದೇ ಬಾಟಲಿ.

ಜನವರಿ 12, ಭಾನುವಾರ

ಶುದ್ಧಿಯಾಯಿತು. ಇಂದಿನಿಂದ ಶುದ್ಧ ಲಿಫ್ಟು ಬಳಸಬಹುದು.

ಜನವರಿ 13

ಮೆಟ್ಟಿಲಲ್ಲೇ ಹೋದೆ. ‘ಮೂಲಭೂತ ಹಕ್ಕುಗಳು’ ಅರ್ಧಕ್ಕೆ ನಿಂತಿತ್ತು, ಅಷ್ಟೇ.

ಜನವರಿ 16

ಎರಡನೇ ಲಿಫ್ಟು ರಿಪೇರಿಯಾಯಿತು. ಇಪ್ಪತ್ತು ನಿಮಿಷದ ಕೆಲಸವಂತೆ. ಒಂದು ಬೆಲ್ಟ್.

ಜನವರಿ 22

ಬಲಮಂಡಿ ಊದಿಕೊಂಡಿದೆ. ಪ್ರಭಾ ಯಾರನ್ನೋ ಕೇಳಿ ಮಾಜಿವಾಡಾದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಡಾಕ್ಟರ ಹೆಸರು ಬಾಗಿಲಿಗೆ ಹೋದ ಮೇಲೆಯೇ ನೋಡಿದ್ದು. ನಾಜ್ನೀನ್. ಹಿಂದಕ್ಕೆ ಹೋಗೋಣ ಎಂದೆ. ಒಂದು ಹೆಜ್ಜೆ ಇಡಲಾಗದವರು ಎಲ್ಲಿಗೆ ಹೋಗುತ್ತೀರಿ ಎಂದು ಪ್ರಭಾ ಕೇಳಿದಳು.

ಅವರಿಗೆ ನನ್ನ ಮುಖ ಗೊತ್ತಿಲ್ಲ. ಫಾರಮ್ಮಿನಲ್ಲಿ ಸಹಿಯಷ್ಟೇ ನೋಡಿದ್ದು. ಮಂಡಿ ಒತ್ತುತ್ತ, ಈ ವಯಸ್ಸಿನಲ್ಲಿ ಏಳು ಮಹಡಿ ಯಾಕೆ ಹತ್ತಿದಿರಿ ಅಂಕಲ್, ಲಿಫ್ಟು ಇಲ್ಲವೇ ಎಂದು ಹಿಂದಿಯಲ್ಲಿ ಕೇಳಿದರು. ಇದೆ ಎಂದೆ. ಮತ್ತೆ? ಬಗ್ಗಿ ಪಂಚೆಯ ಅಂಚು ಸರಿಮಾಡಿಕೊಂಡೆ. ಪ್ರಭಾ ಉತ್ತರವನ್ನು ನನಗೇ ಬಿಟ್ಟು, ನನ್ನನ್ನೇ ನೋಡುತ್ತ ಕೂತಿದ್ದಳು.

ಆಮೇಲೆ ಕೇಸ್ ಪೇಪರಿನಲ್ಲಿ ಸಹಿ ಹಾಕಿಸಿಕೊಂಡರು. ಸಹಿ ನೋಡಿ, ಸುವರ್ಣಗಂಧಾದವರೇ ಎಂದು ಕೇಳಿದರು. ಹೌದು ಎಂದೆ.  ಮಂಡಿಗೆ ಇನ್ನೂ ಹತ್ತು ನಿಮಿಷ ಹೆಚ್ಚೇ ಆರೈಕೆ ಮಾಡಿದರು. ಬೈದಿದ್ದರೆ ಮಾತು ಬೆಳೆಸಬಹುದಿತ್ತು.

ಆರು ವಾರ ಪೂಜೆಗೆ ಚಕ್ಕಳಮಕ್ಕಳ ಹಾಕಿ ಕೂರುವಂತಿಲ್ಲ.

ಫೆಬ್ರವರಿ 8

ಮೂರು ತಿಂಗಳು ಮುಗಿಯಿತು. ಧರ್ಮದ ಆಡಳಿತವನ್ನು ಕಾಯಂ ಮಾಡಬೇಕೇ ಎಂದು ನಾಳೆ ಸಭೆ ನಿರ್ಧರಿಸುತ್ತದೆ. ಸೆಕ್ರೆಟರಿಯ ವರದಿ ಚುಟುಕಾಗಿರಲಿ ಎಂದು ಸಹಸ್ರಬುದ್ಧೆಯವರು ಹೇಳಿದ್ದಾರೆ. ಈ ದಿನಚರಿ ಪೂರ್ತಿ ಓದಿ ಟಿಪ್ಪಣಿ ಮಾಡಿಕೊಂಡೆ. ನನ್ನ ಅಭಿಪ್ರಾಯದಲ್ಲಿ ಬದಲಾವಣೆ ಏನಿಲ್ಲ.

ಫೆಬ್ರವರಿ 9, ಭಾನುವಾರ

ಸಭೆಗೆ ಇಪ್ಪತ್ತೈದು ಫ್ಲಾಟಿನವರು ಬಂದಿದ್ದರು. ಸಹಸ್ರಬುದ್ಧೆಯವರು ಸುಂದರವಾಗಿ ಮಾತಾಡಿದರು. ಸಂಜೆ ಆರತಿಯಿಂದ ಕಟ್ಟಡಕ್ಕೆ ಎಂಥ ಶಾಂತಿ ಬಂದಿದೆ ಎಂದರು. ಇದರಿಂದ ಯಾರಿಗಾದರೂ ನಷ್ಟವಾಗಿದ್ದರೆ ಒಬ್ಬರ ಹೆಸರು ಹೇಳಿ ನೋಡೋಣ ಎಂದು ಸವಾಲು ಹಾಕಿ ಕೂತರು. ಯಾರೂ ಏಳಲಿಲ್ಲ.

ಆ ಸವಾಲಿಗೆ ಬೇಕಾದ ದಾಖಲೆ ನನ್ನ ಬಳಿ ಇತ್ತು. ದಾಖಲೆ ಇದ್ದೂ ಸುಮ್ಮನಿರುವುದು ನನ್ನ ಕೆಲಸದ ರೀತಿಯಲ್ಲ. ಎದ್ದು, ಕ್ಲೇಮ್ಸ್ ವಿಭಾಗದಲ್ಲಿ ಓದುತ್ತಿದ್ದಂತೆ ಓದಿದೆ. ಒಂದು, ಮಾಪಣ್ಣ: ಹತ್ತನೆಯ ಪರೀಕ್ಷೆಯ ಅಭ್ಯರ್ಥಿ, ಎರಡೂವರೆ ತಿಂಗಳಿನಿಂದ ಓದಲು ಜಾಗವಿಲ್ಲ, ತಾನೇ ಗುಡಿಸುವ ಹಾಲಿಗೆ ತನಗೇ ಪ್ರವೇಶವಿಲ್ಲ. ಎರಡು, ಲೀಲಾಬಾಯಿ: ಶಸ್ತ್ರಚಿಕಿತ್ಸೆಯಾದ ದೇಹ, ಇಪ್ಪತ್ತು ನಿಮಿಷದ ರಿಪೇರಿಗಾಗಿ ಇಪ್ಪತ್ತೊಂಬತ್ತು ದಿನ ಆರು ಮಹಡಿ. ಮೂರು, ನಾಜ್ನೀನ್, ಡಾಕ್ಟರು: ಒಂದು ಕಾಲಂನಲ್ಲಿ ಎಳೆದ ಗೆರೆಯ ಕಾರಣಕ್ಕೆ ಮನೆ ಇಲ್ಲ. ನಾಲ್ಕು, ಇಪ್ಪತ್ತಾರು ಹೆಂಗಸರು: ವಿವರ ಬೇಡ.

ಸಹಸ್ರಬುದ್ಧೆಯವರ ತಾಯಿ ಹಿಂದಿನ ಸಾಲಿನಲ್ಲಿ ಕೆಮ್ಮಿದರು.

ರಿಜಿಸ್ಟರ್ ಹೋಗಿಯಾಯಿತು, ಉಳಿದದ್ದೆಲ್ಲ ಹೊರಗಿನವರ ವಿಷಯ, ಫ್ಲಾಟಿನವರದ್ದೇನು ಎಂದು ಶಹಾ ಕೇಳಿದರು. ನಾನು ಮೂವತ್ತೊಂದು ವರ್ಷ ಕ್ಲೇಮುಗಳನ್ನು ತಿರಸ್ಕರಿಸಿದವನು ಎಂದು ಹೇಳಿದೆ. ಸಹಿ ಇಲ್ಲ ಎಂದೋ ದಿನಾಂಕ ತಪ್ಪೆಂದೋ ಏನಾದರೂ ಸಿಕ್ಕುತ್ತಿತ್ತು. “ಈ ನಾಲ್ಕರಲ್ಲಿ ನನಗೆ ಒಂದು ತಪ್ಪೂ ಸಿಗಲಿಲ್ಲ. ಎಲ್ಲ ಕಾಗದದ ಮೇಲೂ ನನ್ನದೇ ಸಹಿ ಇದೆ.” ಕನ್ನಡದಲ್ಲಿ ಶುರುಮಾಡಿ ಮರಾಠಿಗೆ ತಿರುಗಿಸಿ ಇದನ್ನು ಎರಡು ಸಲ ಹೇಳಬೇಕಾಯಿತು.

ಮತಕ್ಕೆ ಹಾಕಿದರು. ಪರ ಹನ್ನೆರಡು, ವಿರೋಧ ಹನ್ನೆರಡು. ನಾನು ಇನ್ನೂ ಕೈ ಎತ್ತಿರಲಿಲ್ಲ. ನಡಾವಳಿಯಲ್ಲಿ ಒಂದು ಪದ ತಿದ್ದಿಸಲಿಕ್ಕಿದೆ ಎಂದು ಹೇಳಲು ಕೈ ಎತ್ತಿದೆ. ವಿರೋಧ ಹದಿಮೂರು ಎಂದು ಕಿಟ್ಟಣ್ಣನವರು ಎಣಿಸಿಯೇ ಬಿಟ್ಟರು.

ಮನೆಗೆ ಬಂದ ಮೇಲೆ ಪ್ರಭಾ, ಕೈ ಇಳಿಸಬಹುದಿತ್ತಲ್ಲ ಎಂದಳು. ಮಂಡಿಯ ಹಾಗೆ ಭುಜವೂ ಹಿಡಿದುಕೊಂಡಿತ್ತು ಎಂದೆ. ರಾತ್ರಿ ಊಟಕ್ಕೆ ಕೇಳದೆಯೇ ಈರುಳ್ಳಿ ಹುಳಿ ಮಾಡಿದಳು.

ಫೆಬ್ರವರಿ 20

ಬೋರ್ಡಿನಿಂದ ನನ್ನ ಹೆಸರು ಅಳಿಸಿದ್ದಾರೆ. ಸಹಸ್ರಬುದ್ಧೆಯವರು ಎದುರಾದರೆ ಫೋನು ಕಿವಿಗೆ ಇಟ್ಟುಕೊಳ್ಳುತ್ತಾರೆ. ಮೊನ್ನೆ ಅವರ ಮನೆಯ ಸತ್ಯನಾರಾಯಣ ಪೂಜೆಗೆ ನಮಗೆ ಕರೆ ಇರಲಿಲ್ಲ. ಅವರ ತಾಯಿ ಮಾತ್ರ ಪ್ರಸಾದ ಕಳಿಸಿದ್ದರು. ಯಾವ ಲಿಫ್ಟಿನಲ್ಲಿ ಯಾರು ಬೇಕಾದರೂ ಹೋಗುತ್ತಾರೆ. ಸಂಜೆ ಹಾಲಿನಲ್ಲಿ ಬೇಕಾದವರು ಆರತಿ ಮಾಡುತ್ತಾರೆ. ನಾನೂ ಹೋಗುತ್ತೇನೆ, ಕುರ್ಚಿಯಲ್ಲಿ ಕೂರುತ್ತೇನೆ. ಮಧ್ಯಾಹ್ನ ಅಲ್ಲಿಯೇ ಮಾಪಣ್ಣನ ಪಾಠ.

302ಕ್ಕೆ ಬರುತ್ತೀರಾ ಎಂದು ಕಿಟ್ಟಣ್ಣನವರು ನಾಜ್ನೀನ್ ಅವರಿಗೆ ಮತ್ತೆ ಫೋನ್ ಮಾಡಿದರಂತೆ. ಪಕ್ಕದ ಊರು ಕಲ್ಯಾಣದಲ್ಲಿ ಮನೆ ಸಿಕ್ಕಿದೆ, ಬರುವುದಿಲ್ಲ ಎಂದರಂತೆ. ಬರಬೇಕೆಂದು ನಾವು ಹೇಳುವಂತೆಯೂ ಇಲ್ಲ.

ಮಾರ್ಚ್ 15

ಇಂದು ಮಾಪಣ್ಣನ ಇತಿಹಾಸ ಮತ್ತು ನಾಗರಿಕಶಾಸ್ತ್ರದ ಪರೀಕ್ಷೆ. ಕೇಂದ್ರ ಕಲ್ಯಾಣದಲ್ಲಿ. ನನಗೂ ಕಲ್ಯಾಣದಲ್ಲಿ ಸ್ವಲ್ಪ ಕೆಲಸವಿತ್ತು, ಜೊತೆಗೆ ಹೋದೆ. ಕೆಲಸ ಬೇಗ ಮುಗಿಯಿತು, ಶಾಲೆಯ ಗೇಟಿನ ಹತ್ತಿರ ಪೋಷಕರ ನಡುವೆ ನಿಂತಿದ್ದೆ. ನಿಮ್ಮ ಮೊಮ್ಮಗ ಯಾವ ಕೋಣೆಯಲ್ಲಿ ಎಂದು ಒಬ್ಬರು ಕೇಳಿದರು. ಮೊಮ್ಮಗನಿಗೆ ಮೀಸೆ ನರೆತಿದೆ ಎಂದು ಹೇಳಲು ಹೋಗಲಿಲ್ಲ.

ಮಾಪಣ್ಣ ನಗುತ್ತ ಹೊರಬಂದ. ಪ್ರಶ್ನೆಪತ್ರಿಕೆ ಕಿತ್ತುಕೊಂಡು ನೋಡಿದೆ. ಬಂದಿತ್ತು, ‘ಧರ್ಮನಿರಪೇಕ್ಷತೆ ಉದಾಹರಣೆಯೊಂದಿಗೆ ವಿವರಿಸಿ’, ಮೂರು ಅಂಕ. ಏನು ಬರೆದೆ ಎಂದು ಕೇಳಿದೆ.

“ಅದು ಬಿಟ್ಟೀನ್ರಿ. ಯಾವುದಾರ ಎರಡು ಬರೀರಿ ಅಂತಿತ್ತು. ಉಳಿದೆರಡು ಸಣ್ಣವ್ ಇದ್ವು, ಅವೇ ಬರದೆ.”

ನನಗೆ ತಡೆಯಲಾಗಲಿಲ್ಲ. ಸ್ಟೇಷನ್ನಿಗೆ ಬಂದು ಪ್ಲಾಟ್‌ಫಾರಮ್ಮಿನ ಮೇಲೆಯೇ ಅವನನ್ನು ಬೈದೆ. ಎಲ್ಲದಕ್ಕಿಂತ ಮುಖ್ಯವಾದ ಪ್ರಶ್ನೆ ಅದು, ದೇಶ ನಿಂತಿರುವುದೇ ಅದರ ಮೇಲೆ, ನೀನೇ ಬಿಟ್ಟರೆ ಇನ್ಯಾರು ಬರೆಯುತ್ತಾರೆ ಎಂದೆ. ರೈಲಿನಲ್ಲಿ ಡೊಂಬಿವಲಿಯವರೆಗೂ ಹೇಳುತ್ತಲೇ ಇದ್ದೆ. ಎದುರು ಸೀಟಿನವರು ಇಯರ್‌ಫೋನ್ ತೆಗೆದು ಕೇಳಿದರು. ಮಾಪಣ್ಣ ತಾಳ್ಮೆಯಿಂದ, “ಪಾಸಾದ್ರ ಸಾಕಲ್ರಿ ಸಾಹೇಬ್ರ,” ಅಂದ. ಪಾಸಾಗುತ್ತಾನೆ, ಅದರಲ್ಲಿ ಅನುಮಾನವಿಲ್ಲ. ಆದರೂ.

ಮನಸ್ಸು ತಡೆಯದೆ, ಬರೆಯಬೇಕಾಗಿದ್ದ ಉತ್ತರವನ್ನು ಇಲ್ಲಿ ನಾನೇ ಬರೆದಿಡುತ್ತಿದ್ದೇನೆ:

ಧರ್ಮನಿರಪೇಕ್ಷತೆ ಎಂದರೆ ಧರ್ಮ ಇರಬಾರದು ಎಂದಲ್ಲ. ಧರ್ಮವನ್ನು ಆಳುವವರ ಕೈಗೆ ಕೊಡಬಾರದು ಎಂದು. ಕೊಟ್ಟರೆ ಅದು ಮೊದಲು ಬಡವರನ್ನು ಮೆಟ್ಟಿಲು ಹತ್ತಿಸುತ್ತದೆ, ಆಮೇಲೆ ಉಳಿದವರನ್ನೂ. ಉದಾಹರಣೆ: ಡೊಂಬಿವಲಿಯ ಒಂದು ಕಟ್ಟಡದಲ್ಲಿ ಎರಡು ಲಿಫ್ಟುಗಳಿದ್ದವು. ಅಲ್ಲಿ ಒಬ್ಬ ಸೆಕ್ರೆಟರಿ ಇದ್ದ. ಯಾರು ಯಾವುದರಲ್ಲಿ ಹೋಗಬೇಕೆಂದು ಅವನು ದೇವರ ಹೆಸರಿನಲ್ಲಿ ಬರೆದು ಅಂಟಿಸಿದ. ದೇವರು ಅವನನ್ನು ಅದಕ್ಕೆ ನೇಮಿಸಿರಲಿಲ್ಲ.

ಪ್ರಭಾ ಚಹಾ ಇಡಲು ಬಂದವಳು ಬಗ್ಗಿ ಓದಿದಳು. ಆ ಸೆಕ್ರೆಟರಿಯ ಹೆಸರು ಯಾಕೆ ಬರೆದಿಲ್ಲ ಎಂದು ಕೇಳಿದಳು. ಉತ್ತರಪತ್ರಿಕೆಯಲ್ಲಿ ಯಾರ ಹೆಸರೂ ಬರೆಯುವಂತಿಲ್ಲ, ಅದು ಪರೀಕ್ಷಾ ಬೋರ್ಡಿನ ನಿಯಮ ಎಂದು ಹೇಳಿ ಪೆನ್ನಿನ ಮುಚ್ಚಳ ಹಾಕಿದೆ.